ಟೈಮ್ ವಾರ್ ಯಾರದ್ದು? ಅಲನ್ ಮೂರ್ ಮತ್ತು ‘ಡಾಕ್ಟರ್ ಹೂ’

ಗಗನಕುಸುಮ:
ಬಹಳ ದಿನದಿಂದ ಮನಸ್ಸಲ್ಲಿದ್ದ ಮಾತು, ಇವತ್ತು ಹೇಳಿಬಿಡುತ್ತೇನೆ. 2005ರಲ್ಲಿ ಲೇಖಕ ರಸೆಲ್ ಟಿ ಡೇವಿಸ್ ಬ್ರಿಟನ್ನಿನ ಹಳೆಯ ವಿಜ್ಞಾನ ಕಥೆಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ಗೆ ಮತ್ತೆ ಜೀವ ಕೊಟ್ಟಾಗ ನಮ್ಮನ್ನೆಲ್ಲ ಹಿಡಿದಿಟ್ಟಿದ್ದು ಟೈಮ್ ವಾರ್, ಅಂದ್ರೆ ಕಾಲಯಾನ ಬಲ್ಲ ಟೈಮ್ ಲಾರ್ಡ್‌ಗಳಿಗೂ ಡಾಲೆಕ್ ಅನ್ನೋ ಶತ್ರು ಕುಲಕ್ಕೂ ನಡೆದ ಯುದ್ಧ. ಕಥಾನಾಯಕ ಡಾಕ್ಟರ್‌ನ ಗ್ರಹ ಗ್ಯಾಲಿಫ್ರೇ ಸುಟ್ಟುಹೋಗಿದೆ, ಟೈಮ್ ಲಾರ್ಡ್‌ಗಳಲ್ಲಿ ಉಳಿದವನು ಅವನೊಬ್ಬನೇ. ಆದರೆ ಟೈಮ್ ಲಾರ್ಡ್‌ಗಳು ಕಾಲದ ಒಳಗೇ ಹೋರಾಡುವ ಯುದ್ಧವನ್ನು 24 ವರ್ಷ ಮೊದಲೇ ಒಬ್ಬರು ಬರೆದಿಟ್ಟಿದ್ದರು. ಬ್ರಿಟಿಷ್ ಕಾಮಿಕ್ಸ್ ಲೇಖಕ ಅಲನ್ ಮೂರ್! ಆಗ ಅವರಿಗಿನ್ನೂ 30 ತುಂಬಿರಲಿಲ್ಲ. ಅವರ ಪ್ರಸಿದ್ಧ ಕಾಮಿಕ್ಸ್ ‘ವಾಚ್‌ಮೆನ್’ ಬರೋಕೆ ಇನ್ನೂ ಐದು ವರ್ಷ ಇತ್ತು. ಮಾರ್ವೆಲ್‌ನ ಬ್ರಿಟಿಷ್ ಶಾಖೆ ತರುತ್ತಿದ್ದ ‘ಡಾಕ್ಟರ್ ಹೂ’ ಪತ್ರಿಕೆಯಲ್ಲಿ ‘ಸ್ಟಾರ್ ಡೆತ್’, ‘4-ಡಿ ವಾರ್’, ‘ಬ್ಲ್ಯಾಕ್ ಸನ್ ರೈಸಿಂಗ್’ ಅಂತ ಅವರ ಮೂರು ಪುಟ್ಟ ಕಾಮಿಕ್ಸ್ ಕಥೆ ಬಂದವು. ಬ್ಲ್ಯಾಕ್ ಸನ್ ಪಂಗಡದವರು ಗ್ಯಾಲಿಫ್ರೇ ಮೇಲೆ ಮುಗಿಬೀಳುತ್ತಾರೆ. ಯಾಕೆ ಅಂತ ಟೈಮ್ ಲಾರ್ಡ್‌ಗಳಿಗೇ ಗೊತ್ತಿಲ್ಲ. ಯಾಕಂದ್ರೆ ಆ ತಪ್ಪನ್ನು ಅವರು ಇನ್ನೂ ಮಾಡಿಯೇ ಇಲ್ಲ, ಮುಂದೆಂದೋ ಮಾಡಲಿದ್ದಾರೆ. ಮೊದಲು ಓದಿದಾಗ ನನಗೆ ಮೈ ಜುಂ ಅಂದಿತ್ತು. ಟೈಮ್ ವಾರ್ ಮೂರ್ ಅವರದ್ದು. ಅವರ ಹೆಸರು ಯಾರೂ ಹೇಳಲ್ಲ ಅನ್ನೋದೇ ನನ್ನ ಸಂಕಟ.

ಹಳೇ ಪೆಟ್ಟಿಗೆ:
“24 ವರ್ಷ ಮೊದಲೇ” ಅಂದಿರಿ. 30 ವರ್ಷ ಮೊದಲು ಬರೆದವರನ್ನು ಎಲ್ಲಿ ಬಿಟ್ಟಿರಿ? 1975ರ ಟಿವಿ ಕಥೆ ‘ಜೆನೆಸಿಸ್ ಆಫ್ ದ ಡಾಲೆಕ್ಸ್’. ಬರೆದವರು ಟೆರ್ರಿ ನೇಷನ್. ಡಾಲೆಕ್‌ಗಳು ಹುಟ್ಟುವ ಮೊದಲೇ ತಡೆ ಅಂತ ಟೈಮ್ ಲಾರ್ಡ್‌ಗಳೇ ಡಾಕ್ಟರ್‌ನನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಶತ್ರುವನ್ನು ತೊಟ್ಟಿಲಲ್ಲೇ ಮುಗಿಸುವ ಯತ್ನ ಅದು. ಕಾಲದೊಳಗಿನ ಯುದ್ಧ ಅಂದ್ರೆ ಇದೇ ಅಲ್ವಾ? ಇದು ನನ್ನ ಸ್ವಂತ ಮಾತಲ್ಲ. 2006ರ ‘ಡಾಕ್ಟರ್ ಹೂ’ ವಾರ್ಷಿಕದಲ್ಲಿ ಟೈಮ್ ವಾರ್ ಚರಿತ್ರೆ ಬರೆಯುವಾಗ ಡೇವಿಸ್ ಈ ಘಟನೆಯನ್ನು ಆರಂಭದ ಘರ್ಷಣೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಬರೆದವರೇ ಹೇಳಿದ ಮೇಲೆ ಚರ್ಚೆ ಎಲ್ಲಿದೆ?

ಪುಟ ತಿರುವಿ:
“2006ರ ವಾರ್ಷಿಕ” ನೀವೇ ತೆಗೆದಿರಿ, ಒಳ್ಳೆಯದಾಯಿತು. ಅದೇ ಲೇಖನವನ್ನು ಇನ್ನೊಂದು ಸ್ವಲ್ಪ ಕೆಳಗೆ ಓದಿ. ಯುದ್ಧ ಜೋರಾದಾಗ ಡಾಲೆಕ್‌ಗಳು ‘ಡೆತ್‌ಸ್ಮಿತ್ಸ್ ಆಫ್ ಗೋಥ್’ಗಳನ್ನು ಛೂ ಬಿಡುತ್ತವೆ. ಆ ಹೆಸರು 1980ರ ‘ಬ್ಲ್ಯಾಕ್ ಲೆಗಸಿ’ ಕಥೆಯದ್ದು. ಅದೇ ಪತ್ರಿಕೆಗೆ ಅಲನ್ ಮೂರ್ ಬರೆದದ್ದು. ಅರ್ಧ ಮನುಷ್ಯ, ಅರ್ಧ ಯಂತ್ರವಾದ ಸೈಬರ್‌ಮೆನ್‌ಗಳು ಜನರೆಲ್ಲ ಅಳಿದ ಗ್ರಹವೊಂದಕ್ಕೆ ಇಳಿದು, ಅಲ್ಲಿದ್ದ ಡೆತ್‌ಸ್ಮಿತ್‌ಗಳು ಬಿಟ್ಟುಹೋದ ಆಯುಧ ಹುಡುಕುವ ಕಥೆ. ಚಿತ್ರ ಡೇವಿಡ್ ಲಾಯ್ಡ್ ಅವರದ್ದು. ಮುಂದೆ ‘ವಿ ಫಾರ್ ವೆಂಡೆಟ್ಟಾ’ ಮಾಡಿದ್ದು ಇದೇ ಜೋಡಿ. ಡೇವಿಸ್ ಹುಟ್ಟಿದ್ದು 1963ರಲ್ಲಿ. ಈ ಕಥೆ ಬಂದಾಗ ಅವರಿಗೆ 17. ಆ ವಯಸ್ಸಲ್ಲಿ ಓದಿದ್ದು ಮೈಗೆ ಹತ್ತಿಬಿಡುತ್ತದೆ.

ಹಳೇ ಪೆಟ್ಟಿಗೆ:
“ಆ ಹೆಸರು” ಒಂದೇ ಹೆಸರು ಸ್ವಾಮಿ. ಅದರ ಪಕ್ಕದಲ್ಲೇ ಬೌಶಿಪ್ ಅನ್ನೋ ಯುದ್ಧನೌಕೆಗಳಿವೆ, ಅವು 1980ರ ‘ಸ್ಟೇಟ್ ಆಫ್ ಡಿಕೇ’ ಟಿವಿ ಕಥೆಯಿಂದ ಬಂದವು. ಎನ್-ಫಾರ್ಮ್ ಅನ್ನೋ ಯುದ್ಧಯಂತ್ರಗಳಿವೆ, ಅವು ಡೇವಿಸ್ 1996ರಲ್ಲಿ ಬರೆದ ಕಾದಂಬರಿಯಿಂದ ಬಂದವು. ಹಳೆಯ ಕಥೆಗಳಿಗೆಲ್ಲ ಒಂದೊಂದು ನಮಸ್ಕಾರ ಹಾಕಿದ್ದಾರೆ ಅಷ್ಟೆ. ಇನ್ನೊಂದು ವಿಷಯ. ಡೇವಿಸ್ ಋಣ ಮುಚ್ಚಿಡುವ ಮನುಷ್ಯ ಅಲ್ಲ. 2023ರಲ್ಲಿ ‘ದ ಸ್ಟಾರ್ ಬೀಸ್ಟ್’ ಮಾಡಿದರು. ಅದು ಇದೇ ಪತ್ರಿಕೆಯಲ್ಲಿ 1980ರಲ್ಲಿ ಬಂದ ಕಾಮಿಕ್ಸ್. ಪ್ಯಾಟ್ ಮಿಲ್ಸ್, ಡೇವ್ ಗಿಬ್ಬನ್ಸ್ ಹೆಸರು ಟೈಟಲ್ ಕಾರ್ಡಿನಲ್ಲೇ ಇದೆ. ಮೂರ್ ಅವರಿಂದ ತಗೊಂಡಿದ್ದರೆ ಅವರ ಹೆಸರೂ ಹಾಕುತ್ತಿದ್ದರು.

ಮಲೆನಾಡಿಗ:
“ಕಾಮಿಕ್ಸ್” ಪಾತ್ರ ಟಿವಿಗೆ ಬಂದ ಮಾತು ಬಂತಲ್ಲ, ಆಬ್ಸ್ಲಮ್ ಡಾಕ್ ಮರೆತುಬಿಟ್ರಾ? 2014ರ ‘ಟೈಮ್ ಹೈಸ್ಟ್’ ಕಂತಿನಲ್ಲಿ ಅವನ ಫೋಟೋ ಪರದೆ ಮೇಲೆ ಬರುತ್ತದೆ. ಡಾಲೆಕ್‌ಗಳನ್ನು ಗರಗಸದಿಂದ ಕೊಯ್ಯುವ ಹುಚ್ಚು ಕೈದಿ. ಅಂಥ ಪಾತ್ರ ಸೃಷ್ಟಿಸಿದ ಅಲನ್ ಮೂರ್‌ಗೆ ಟೈಮ್ ವಾರ್ ಯಾವ ಲೆಕ್ಕ? ಗಗನಕುಸುಮ ಅವರ ಮಾತೇ ಸರಿ.

ಪುಟ ತಿರುವಿ:
ಮಲೆನಾಡಿಗ ಅವರೇ, ನಮ್ಮ ಪಕ್ಷದಲ್ಲಿದ್ದೀರಿ, ಸಂತೋಷ. ಆದರೆ ಡಾಕ್ ಅಲನ್ ಮೂರ್ ಸೃಷ್ಟಿ ಅಲ್ಲ. ಬರೆದವರು ಸ್ಟೀವ್ ಮೂರ್, ಚಿತ್ರ ಸ್ಟೀವ್ ಡಿಲನ್. 1980ರ ಫೆಬ್ರವರಿ. ಇಬ್ಬರು ಮೂರ್‌ಗಳನ್ನು ಬೆರೆಸಬೇಡಿ.

ಮಲೆನಾಡಿಗ:
“ಇಬ್ಬರು ಮೂರ್” ಅಂದ್ರೆ ಅಣ್ಣ ತಮ್ಮಂದಿರೇ ತಾನೆ? ಒಂದೇ ಪತ್ರಿಕೆ, ಒಂದೇ ವರ್ಷ. ಮನೆಯಲ್ಲಿ ಕೂತು ಒಟ್ಟಿಗೆ ಬರೆದಿರುತ್ತಾರೆ.

ಪುಟ ತಿರುವಿ:
ಅಲ್ಲ. ರಕ್ತ ಸಂಬಂಧವೇ ಇಲ್ಲ. ಅಲನ್ ನಾರ್ತಾಂಪ್ಟನ್‌ನವರು, ಸ್ಟೀವ್ ಲಂಡನ್ನಿನ ಶೂಟರ್ಸ್ ಹಿಲ್‌ನವರು. ಅಲನ್ ಹದಿಹರೆಯದಲ್ಲಿದ್ದಾಗಲೇ ಕಾಮಿಕ್ಸ್ ಅಭಿಮಾನಿಗಳ ಬಳಗದಲ್ಲಿ ಪರಿಚಯವಾದವರು. ಸ್ಟೀವ್ ನಾಲ್ಕು ವರ್ಷ ದೊಡ್ಡವರು. ಕಾಮಿಕ್ಸ್ ಸ್ಕ್ರಿಪ್ಟ್ ಬರೆಯುವುದನ್ನು ಅಲನ್‌ಗೆ ಕಲಿಸಿದ್ದೇ ಸ್ಟೀವ್. ಅವರ ಬಗ್ಗೆ ಅಲನ್ ‘ಅನ್‌ಅರ್ಥಿಂಗ್’ ಅಂತ ದೊಡ್ಡ ಬರಹವನ್ನೇ ಬರೆದಿದ್ದಾರೆ. ಸ್ಟೀವ್ 2014ರಲ್ಲಿ ತೀರಿಕೊಂಡರು.

ಮಲೆನಾಡಿಗ:
“ಕಲಿಸಿದ್ದೇ ಸ್ಟೀವ್” ಅಂತ ನೀವೇ ಒಪ್ಪಿದಿರಿ! ಹಾಗಾದ್ರೆ ನಾನು ಹೇಳಿದ್ದರಲ್ಲಿ ತಪ್ಪೇನು? ಗುರು ಬೇರೆ ಅಲ್ಲ, ಶಿಷ್ಯ ಬೇರೆ ಅಲ್ಲ. ಡಾಕ್ ಗುರುವಿನದ್ದು, ಬ್ಲ್ಯಾಕ್ ಸನ್ ಶಿಷ್ಯನದ್ದು. ಒಂದೇ ಮನೆತನದ ಕೆಲಸ.

ಪುಟ ತಿರುವಿ:
ಗುರು ಕಲಿಸಿದರೆ ಶಿಷ್ಯ ಬರೆದದ್ದೆಲ್ಲ ಗುರುವಿನದ್ದಾಗುತ್ತದಾ? ನೀವು ಬರೆದವರ ಹೆಸರು ತಪ್ಪು ಹೇಳಿದಿರಿ. ತಿದ್ದಿಕೊಂಡರೆ ಮುಗಿಯಿತು. ಸ್ಟೀವ್ ಮೂರ್ ಬದುಕಿಡೀ ಗೆಳೆಯನ ಹೆಸರಿನ ನೆರಳಲ್ಲೇ ಇದ್ದವರು. ಅವರ ಒಂದು ಪಾತ್ರವನ್ನೂ ಅಲನ್ ಖಾತೆಗೆ ಬರೆದರೆ ನನಗೆ ಹೊಟ್ಟೆ ಉರಿಯುತ್ತದೆ.

ರಾತ್ರಿಪಾಳಿ:
ಸ್ವಲ್ಪ ಬೇರೆ ಕಡೆ ನೋಡೋಣ. ಅಲನ್ ಮೂರ್ ಪ್ರಭಾವ ಹುಡುಕಬೇಕಾದ್ದು 2005ರಲ್ಲಲ್ಲ, 1987ರಲ್ಲಿ. ಆಂಡ್ರ್ಯೂ ಕಾರ್ಟ್‌ಮೆಲ್ ‘ಡಾಕ್ಟರ್ ಹೂ’ಗೆ ಸ್ಕ್ರಿಪ್ಟ್ ಎಡಿಟರ್ ಆಗಿ ಬಂದರು. ಮೂರ್ ಬರಹದ ಕಟ್ಟಾ ಅಭಿಮಾನಿ. ‘2000 ಎಡಿ’ ಪತ್ರಿಕೆಯಲ್ಲಿ ಬಂದಿದ್ದ ಮೂರ್ ಅವರ ‘ಹೇಲೋ ಜೋನ್ಸ್’ ಕಾಮಿಕ್ಸ್ ಕಥೆಯನ್ನು ತನ್ನ ಹೊಸ ಲೇಖಕರಿಗೆ ಓದಲು ಕೊಡುತ್ತಿದ್ದರು. ಹೇಲೋ ಒಬ್ಬ ಸಾಮಾನ್ಯ ಹುಡುಗಿ. ಕೆಲಸವಿಲ್ಲದವರ ತೇಲುವ ಕೇರಿಯಲ್ಲಿ ಬೆಳೆದವಳು. ಅಲ್ಲಿಂದ ಹೇಗಾದರೂ ಆಚೆ ಹೋಗಬೇಕು ಅನ್ನುವುದೇ ಅವಳ ಆಸೆ. ಆಮೇಲೆ ಡಾಕ್ಟರ್‌ನ ಸಂಗಾತಿಯಾಗಿ ಏಸ್ ಬಂದಳು ನೋಡಿ. ಲಂಡನ್ನಿನ ಪೆರಿವೇಲ್‌ನ ಹುಡುಗಿ, ದೂರದ ಗ್ರಹದಲ್ಲಿ ಹೋಟೆಲ್ ಸಪ್ಲೈಯರ್ ಕೆಲಸ. ಅಲ್ಲಿಂದ 2005ರ ಸಂಗಾತಿ ರೋಸ್‌ವರೆಗೆ ದಾರಿ ನೇರವಾಗಿದೆ. ಒಂದು ಯುದ್ಧದ ಹೆಸರಿಗಿಂತ ಇದು ದೊಡ್ಡ ಋಣ ಅಂತ ನನಗೆ ಅನಿಸುತ್ತದೆ.

ಮಲೆನಾಡಿಗ:
“ಋಣ” ಅಂದ್ರಲ್ಲ ರಾತ್ರಿಪಾಳಿಯವರೇ, ನಾನೂ ಅದನ್ನೇ ಹೇಳ್ತಿರೋದು. ಗುರುವಿನ ಋಣ. ಪುಟ ತಿರುವಿಗೆ ಅದು ಅರ್ಥವಾಗ್ತಿಲ್ಲ. ನಾಲ್ಕು ಹಳೇ ಸಂಚಿಕೆ ಇಟ್ಟುಕೊಂಡ ಮಾತ್ರಕ್ಕೆ ನೀನೇನು ದೊಡ್ಡ ಪಂಡಿತನಾ?

ಪುಟ ತಿರುವಿ:
ಏಕವಚನ ಬೇಡ. ನಾನು ನಿಮಗೆ ಒಂದು ಸಲವೂ ಹಾಗೆ ಮಾತಾಡಿಲ್ಲ. ಸಂಚಿಕೆ ಇರುವುದರಿಂದಲೇ ಹೇಳುತ್ತಿದ್ದೇನೆ, ಸುಮ್ನೆ ಊಹೆ ಮಾಡುತ್ತಿಲ್ಲ.

ಗಗನಕುಸುಮ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಸ್ಟೀವ್ ಮಾತು ಬಂದ ಮೇಲೆ ಒಂದು ವಿಷಯ ಹೇಳಲೇಬೇಕು. ಪತ್ರಿಕೆಯವರು ಸ್ಟೀವ್ ಜೊತೆ ನಡೆದುಕೊಂಡ ರೀತಿ ಸರಿಯಿಲ್ಲ ಅಂತ ಅಲನ್ ಕೂಡ ಬರೆಯುವುದನ್ನು ಬಿಟ್ಟರು. ಹಾಗಾಗಿ ಬ್ಲ್ಯಾಕ್ ಸನ್ ಕಥೆ ಮೂರಕ್ಕೇ ನಿಂತಿತು. ಗೆಳೆಯನ ಪರ ನಿಂತು ತನ್ನ ಯುದ್ಧವನ್ನು ಅರ್ಧಕ್ಕೇ ಬಿಟ್ಟ ಮನುಷ್ಯ ಅವರು. ಅಂಥವರ ಹೆಸರು ನಾವಾದರೂ ಹೇಳಬೇಡವಾ?

ಹಳೇ ಪೆಟ್ಟಿಗೆ:
“ಅರ್ಧಕ್ಕೇ ಬಿಟ್ಟ” ಅಂದಿರಿ. ನನ್ನ ವಾದವನ್ನು ನೀವೇ ಗಟ್ಟಿ ಮಾಡಿದಿರಿ. ಮುಗಿಯದ ಮೂರು ಕಥೆ, ತಲಾ ಕೆಲವೇ ಪುಟ. ಅದರಲ್ಲಿ ಡಾಕ್ಟರ್ ಇಲ್ಲ. ಡಾಲೆಕ್ ಇಲ್ಲ. ಗ್ಯಾಲಿಫ್ರೇ ನಾಶವಾಗುವುದೂ ಇಲ್ಲ. 2005ರ ಧಾರಾವಾಹಿಯ ಜೀವ ಯುದ್ಧದಲ್ಲಿ ಇಲ್ಲವೇ ಇಲ್ಲ. ಯುದ್ಧವನ್ನು ಆಗ ತೋರಿಸಲೇ ಇಲ್ಲ. ಎಲ್ಲರನ್ನೂ ಕಳೆದುಕೊಂಡು ಒಬ್ಬನೇ ಉಳಿದವನ ಸಂಕಟ, ಅದೇ ಅದರ ಜೀವ. ‘ಡಾಲೆಕ್’ ಕಂತಿನಲ್ಲಿ ಸರಪಳಿ ಬಿಗಿದ ಶತ್ರುವಿನ ಎದುರು ಡಾಕ್ಟರ್ ಪಾತ್ರದ ಕ್ರಿಸ್ಟೋಫರ್ ಎಕಲ್‌ಸ್ಟನ್ ಕೂಗಾಡುವ ದೃಶ್ಯ ನೋಡಿ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಸಂಕಟ ಮೂರ್ ಕಥೆಯ ಯಾವ ಪುಟದಲ್ಲಿದೆ ತೋರಿಸಿ.

ಮಲೆನಾಡಿಗ:
“ಡಾಲೆಕ್ ಇಲ್ಲ” ಅಂತೀರಾ? ಡಾಕ್ ಕಥೆಯಲ್ಲಿ ಡಾಲೆಕ್ ಬಿಟ್ಟರೆ ಬೇರೇನೂ ಇಲ್ಲ! ಪ್ರೀತಿಸಿದವಳನ್ನು ಡಾಲೆಕ್‌ಗಳು ಕೊಂದ ಮೇಲೆ ಒಬ್ಬನೇ ಉಳಿದು ಸೇಡಿಗೆ ಅಲೆಯುವವನು ಅವನು. ನೀವು ಹೇಳಿದ ಸಂಕಟ ಅದೇ ತಾನೆ? ಅದನ್ನು ಬರೆದದ್ದು ಮೂರ್.

ಪುಟ ತಿರುವಿ:
ಸ್ಟೀವ್ ಮೂರ್.

ಮಲೆನಾಡಿಗ:
ಮೂರ್ ಅಂತಲೇ ಬರೆದಿದ್ದೇನೆ. ಈಗ ಎಲ್ಲಿ ತಪ್ಪು?

ಪುಟ ತಿರುವಿ:
ಚರ್ಚೆಯ ತಲೆಬರಹದಲ್ಲಿ ಇರುವ ಹೆಸರು ಅಲನ್ ಮೂರ್. ಬರಿ ಮೂರ್ ಅಂತ ಬರೆದು ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟುತ್ತಿದ್ದೀರಿ. ನೀವು ಮೊದಲು “ಅಲನ್ ಮೂರ್ ಸೃಷ್ಟಿಸಿದ” ಅಂತ ಬರೆದದ್ದು ಮೇಲೆ ಹಾಗೇ ಇದೆ. ಅದನ್ನು ತಿದ್ದುವ ತನಕ ನಾನು ಬಿಡುವುದಿಲ್ಲ.

ಮಲೆನಾಡಿಗ:
ತಿದ್ದಲ್ಲ. ಗುರು ಶಿಷ್ಯರ ಬಗ್ಗೆ ನನ್ನ ನಂಬಿಕೆ ಅದು. ಏಕವಚನ ಬಳಸಿದ್ದು ಮಾತ್ರ ಬಾಯಿ ತಪ್ಪಿ ಆಯಿತು.

ರಾತ್ರಿಪಾಳಿ:
ಹೇಲೋ ಜೋನ್ಸ್ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. 1987ರ ‘ಡಾಕ್ಟರ್ ಹೂ’ ಕಥೆ ‘ಪ್ಯಾರಡೈಸ್ ಟವರ್ಸ್’ ನೋಡಿದವರು ಯಾರಾದರೂ ಇದ್ದೀರಾ? ಹಾಳುಬಿದ್ದ ದೊಡ್ಡ ವಸತಿ ಕಟ್ಟಡ, ತಮ್ಮದೇ ಭಾಷೆ ಆಡುವ ಹುಡುಗಿಯರ ಗುಂಪುಗಳು, ಒಂದು ಕಾರಿಡಾರ್ ದಾಟೋದೂ ಪ್ರಾಣಾಪಾಯ. ಹೇಲೋ ಜೋನ್ಸ್ ಮೊದಲ ಭಾಗದಲ್ಲಿ ಅಂಗಡಿಗೆ ಹೋಗಿಬರುವುದೇ ಒಂದು ದಂಡಯಾತ್ರೆ. ಭಾಷೆಯೂ ಹೊಸದು, ಪುಟದ ಕೆಳಗೆ ಅರ್ಥ ಕೊಡುವುದಿಲ್ಲ, ಓದುತ್ತಾ ನಾವೇ ಹಿಡಿಯಬೇಕು. ಆ ಧೈರ್ಯ ಟಿವಿಗೆ ಬಂದದ್ದು ಎಲ್ಲಿಂದ ಅಂತ ಯೋಚಿಸಿ.

ಹಳೇ ಪೆಟ್ಟಿಗೆ:
“ವಸತಿ ಕಟ್ಟಡ” ಕಾದಂಬರಿಕಾರ ಬ್ಯಾಲರ್ಡ್ ಅವರದ್ದು. 1975ರ ‘ಹೈ-ರೈಸ್’ ಕಾದಂಬರಿ. ಗೋಪುರದಂಥ ಕಟ್ಟಡ, ಒಳಗಿನವರು ಗುಂಪುಗಳಾಗಿ ಒಡೆದು ಬಡಿದಾಡುತ್ತಾರೆ. ‘ಪ್ಯಾರಡೈಸ್ ಟವರ್ಸ್’ ಬರೆದ ಸ್ಟೀಫನ್ ವ್ಯಾಟ್ ಅವರಿಗೆ ದಾರಿ ತೋರಿಸಿದ್ದು ಆ ಪುಸ್ತಕ. ಎಲ್ಲವನ್ನೂ ಒಬ್ಬರ ಮಡಿಲಿಗೆ ಹಾಕುವ ಆತುರ ಯಾಕೆ ನಿಮಗೆಲ್ಲ?

ರಾತ್ರಿಪಾಳಿ:
ಕಟ್ಟಡ ಬ್ಯಾಲರ್ಡ್ ಅವರದ್ದು ಇರಬಹುದು. ಹುಡುಗಿಯರು ಯಾರವರು? ‘ಹೈ-ರೈಸ್’ ಒಳಗೆ ‘ಪ್ಯಾರಡೈಸ್ ಟವರ್ಸ್’ನ ಕ್ಯಾಂಗ್ ಗುಂಪುಗಳಂಥ ಹುಡುಗಿಯರಿಲ್ಲ. ನಾನು ಚಿಕ್ಕವಳಿದ್ದಾಗ ಹುಡುಗಿಯರೇ ಕಥೆ ನಡೆಸುವ ವಿಜ್ಞಾನ ಕಥೆ ಹುಡುಕಿ ಹುಡುಕಿ ಸೋತಿದ್ದೆ. ಹೇಲೋ ಸಿಕ್ಕಿದ ದಿನ ನನಗೆ ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಗಗನಕುಸುಮ:
ಹಳೇ ಪೆಟ್ಟಿಗೆಯವರೇ, “ಆ ಸಂಕಟ ಯಾವ ಪುಟದಲ್ಲಿದೆ” ಅಂತ ಕೇಳಿದಿರಿ. ಸಂಕಟ ಡೇವಿಸ್ ಅವರದ್ದೇ ಇರಲಿ. ಯುದ್ಧದ ತರ್ಕ ಯಾರದ್ದು? ‘ಸ್ಟಾರ್ ಡೆತ್’ನಲ್ಲಿ ಭವಿಷ್ಯದಿಂದ ಬಂದ ಬಾಡಿಗೆ ಹಂತಕ ಫೆನ್ರಿಸ್, ಟೈಮ್ ಲಾರ್ಡ್‌ಗಳು ಕಾಲಯಾನ ಕಲಿಯುವ ಮೊದಲೇ ಅವರನ್ನು ಮುಗಿಸಲು ನೋಡುತ್ತಾನೆ. ಆದರೆ ಅವನು ಬಿಟ್ಟುಹೋದ ಯಂತ್ರದಿಂದಲೇ ಟೈಮ್ ಲಾರ್ಡ್‌ಗಳ ನಾಯಕ ರಾಸಿಲಾನ್‌ಗೆ ಕಾಲದಲ್ಲಿ ದಿಕ್ಕು ಹಿಡಿಯುವ ದಾರಿ ಸಿಗುತ್ತದೆ. ತಡೆಯಲು ಬಂದವನೇ ಕಾರಣನಾಗುತ್ತಾನೆ. ಕಾರಣ ಮೊದಲೋ, ಪರಿಣಾಮ ಮೊದಲೋ ಗೊತ್ತಾಗದ ಯುದ್ಧ. ‘ಜೆನೆಸಿಸ್’ನಲ್ಲಿ ಇದು ಇಲ್ಲ. ಅಲ್ಲಿ ಒಬ್ಬನು ಹೋಗುತ್ತಾನೆ, ತಡೆಯಲು ಆಗುವುದಿಲ್ಲ, ವಾಪಸ್ ಬರುತ್ತಾನೆ.

ಹಳೇ ಪೆಟ್ಟಿಗೆ:
“ವಾಪಸ್ ಬರುತ್ತಾನೆ” ಅಂತ ಇಷ್ಟು ಹಗುರವಾಗಿ ಹೇಳಬೇಡಿ. ಕೈಯಲ್ಲಿ ಎರಡು ತಂತಿ ಹಿಡಿದು, ಇವನ್ನು ಮುಟ್ಟಿಸಿ ಒಂದು ಕುಲವನ್ನೇ ಅಳಿಸುವ ಹಕ್ಕು ನನಗಿದೆಯಾ ಅಂತ ಡಾಕ್ಟರ್ ಕೇಳಿಕೊಳ್ಳುತ್ತಾನೆ. 2013ರ ‘ದ ಡೇ ಆಫ್ ದ ಡಾಕ್ಟರ್’ನಲ್ಲಿ ಯುದ್ಧ ಮುಗಿಸಲು ಗ್ಯಾಲಿಫ್ರೇಯನ್ನೇ ಸುಡುವ ಗುಂಡಿ ಒತ್ತಲೋ ಬೇಡವೋ ಅಂತ ಡಾಕ್ಟರ್‌ನ ಮೂರು ರೂಪಗಳು ನಿಂತ ಕ್ಷಣ ಇದೇ ಪ್ರಶ್ನೆಯ ಮರುಹುಟ್ಟು. 1975ರಲ್ಲಿ ಡಾಕ್ಟರ್ ಆಗಿದ್ದ ಟಾಮ್ ಬೇಕರ್ ಮುಖ ನೋಡಿದವರಿಗೆ ಬೇರೆ ಪುರಾವೆ ಬೇಕಿಲ್ಲ. ಡೆತ್‌ಸ್ಮಿತ್ ಹೆಸರು ಮೂರ್ ಅವರದ್ದು, ಅಷ್ಟು ಮಾತ್ರ ಸರಿ.

ಗಗನಕುಸುಮ:
“ಮೂರ್ ಅವರದ್ದು” ಅಂತ ನಿಮ್ಮ ಕೈಯಿಂದಲೇ ಬಂತಲ್ಲ, ನನಗೆ ಇವತ್ತಿಗೆ ಅಷ್ಟು ಸಾಕು.

ಹಳೇ ಪೆಟ್ಟಿಗೆ:
“ಅಷ್ಟು ಮಾತ್ರ” ಅಂತಲೂ ಬರೆದಿದ್ದೇನೆ. ಅದನ್ನೂ ಸೇರಿಸಿ ಓದಿ.

ಮಲೆನಾಡಿಗ:
ಯಾವ ಮೂರ್ ಅಂತ ಬರೆಯಲಿಲ್ಲವಲ್ಲ ಹಳೇ ಪೆಟ್ಟಿಗೆಯವರು. ಪುಟ ತಿರುವಿ ಅವರೇ, ಈಗ ಯಾಕೆ ಸುಮ್ಮನಿದ್ದೀರಿ?

ಪುಟ ತಿರುವಿ:
ಡೆತ್‌ಸ್ಮಿತ್ ಅಂದ ಮೇಲೆ ಅಲನ್ ಮೂರ್. ಡಾಕ್ ಅಂದ್ರೆ ಸ್ಟೀವ್ ಮೂರ್. ನಿಮ್ಮ ಮೊದಲ ಮಾತು ಇನ್ನೂ ತಿದ್ದಿಲ್ಲ. ಉಳಿದವರಿಗೆ: ಬ್ಲ್ಯಾಕ್ ಸನ್ ಕಥೆಗಳಿರುವುದು 47, 51 ಮತ್ತು 57ನೇ ಸಂಚಿಕೆಗಳಲ್ಲಿ. ಮೂರನ್ನೂ ಓದಿದ ಮೇಲೆ ಮಾತಾಡೋಣ.

ಹಳೇ ಪೆಟ್ಟಿಗೆ:
‘ಜೆನೆಸಿಸ್’ ಆರು ಕಂತು ಇದೆ. ಆರನ್ನೂ ನೋಡಿಕೊಂಡು ಬನ್ನಿ. ಆಮೇಲೆ ಮಾತಾಡೋಣ.