ಬವೇರಿಯನ್ ಆಡುಮಾತಿನ ರಾಕ್ ಹಾಡು: ಪ್ರಾಸ ಯಾಕೆ ಕೈಕೊಡುತ್ತೆ?

ಬಾಸ್‌ತಂತಿ:
ಮ್ಯೂನಿಕ್‌ನ ರಾಕ್ ತಂಡ ಸ್ಪೈಡರ್ ಮರ್ಫಿ ಗ್ಯಾಂಗ್ ಧಾಟಿಯ ಒಂದು ರಾಕ್ ಅಂಡ್ ರೋಲ್ ಹಾಡಿಗೆ ಸಾಹಿತ್ಯ ಬರೀತಿದ್ದೀನಿ. ಶಿಷ್ಟ ಜರ್ಮನ್‌ನಲ್ಲಿ ಬರೆದು ದಕ್ಷಿಣ ಜರ್ಮನಿಯ ಆಡುಮಾತಾದ ಬವೇರಿಯನ್‌ಗೆ ತಿರುಗಿಸಿದರೆ ಪ್ರಾಸ ಮುರಿಯುತ್ತೆ. ‘ಅಲೈನ್’ (ಒಂಟಿ), ‘ಡೈನ್’ (ನಿನ್ನ) ಚೆನ್ನಾಗಿ ಕೂತಿದ್ದವು. ಈಗ ಒಂದು ‘ಅಲೋಅ’, ಇನ್ನೊಂದು ‘ಡೈ’. ಎರಡರಲ್ಲೂ ಇರೋದು ಒಂದೇ ‘ಐ’ ತಾನೆ?

ಪದಮೂಲ:
ಅಲ್ಲ, ಅವು ಮೂಲದಲ್ಲೇ ಎರಡು. ಮಧ್ಯಕಾಲದ ಜರ್ಮನ್‌ನಲ್ಲಿ ಒಂದು ‘ಎಯ್’, ಇನ್ನೊಂದು ‘ಈ’. ಶಿಷ್ಟ ಭಾಷೆಯಲ್ಲಿ ಎರಡೂ ‘ಐ’ ಆಗಿ ಬೆರೆತುಹೋದವು. ಬವೇರಿಯನ್ ಬೆರೆಸಲಿಲ್ಲ: ಹಳೆಯ ‘ಎಯ್’ ಇದ್ದಲ್ಲಿ ‘ಓಅ’, ಹಳೆಯ ‘ಈ’ ಇದ್ದಲ್ಲಿ ‘ಐ’. ಡ್ರಮ್ಮರ್ ಎಣಿಸೋದನ್ನೇ ಕೇಳಿ: ಓಅನ್ಸ್, ತ್ಸ್ವೋಅ, ಡ್ರೈ. ಶಿಷ್ಟದಲ್ಲಿ ‘ಎರಡು’, ‘ಮೂರು’ ಅನ್ನುವ ಪದಗಳು (ತ್ಸ್ವೈ, ಡ್ರೈ) ಪ್ರಾಸ ಕೂಡುತ್ತವೆ, ಇಲ್ಲಿ ಇಲ್ಲ. ‘ವೈಸ್’ ಇನ್ನೂ ಮಜಾ: ‘ಗೊತ್ತು’ ಅನ್ನುವ ಅರ್ಥದಲ್ಲಿ ‘ವೋಅಸ್’, ‘ಬಿಳಿ’ ಅನ್ನುವ ಅರ್ಥದಲ್ಲಿ ‘ವೈಸ್’ ಆಗೇ ಉಳಿಯುತ್ತೆ.

ಅನುಮಾನ ಬಂದರೆ ಡೂಡನ್ ನಿಘಂಟಿನಲ್ಲಿ ಪದದ ಮೂಲ ಕೊಟ್ಟಿರುವ ಭಾಗ ನೋಡಿ. ಅಪವಾದಗಳೂ ಇವೆ: ಫ್ಲೈಶ್ (ಮಾಂಸ), ಗೈಸ್ಟ್ (ಆತ್ಮ), ಹೈಲಿಗ್ (ಪವಿತ್ರ) ಹಳೆಯ ‘ಎಯ್’ ಪದಗಳಾದರೂ ‘ಓಅ’ ಆಗಲ್ಲ. ಚರ್ಚಿನ ಭಾಷೆಯ ಪ್ರಭಾವ ಅಂತಾರೆ.

ಹನ್ನೆರಡುಬಾರ್:
ತಿರುಗಿಸೋ ಕೆಲಸ ಬಿಡಿ, ಮೊದಲ ಸಾಲಿನಿಂದಲೇ ಬವೇರಿಯನ್‌ನಲ್ಲಿ ಬರೀರಿ. ಪ್ರಾಸ ಕಳೆದುಕೊಂಡಷ್ಟೇ ಗಳಿಸ್ತೀರಿ. ಸ್ವರದ ನಂತರ ಬರುವ ‘ಲ್’ ಕರಗಿ ‘ಫೀಲ್’ (ಬಹಳ) ‘ಫುಯ್’ ಆಗುತ್ತೆ, ‘ಶ್ಯೋನ್’ (ಚೆಂದ) ‘ಶೇ’ ಆಗಿ ‘ಸೇ’ಗೆ (ಸರೋವರ) ಜೊತೆಯಾಗುತ್ತೆ.

ಮಾತ್ರೆಗಳ ಲೆಕ್ಕವೂ ಬದಲಾಗುತ್ತೆ. ‘ಇಶ್ ಹಾಬೆ ಐನೆ’ (ನನ್ನ ಹತ್ರ ಒಂದು ಇದೆ) ಐದು ಉಚ್ಚಾರ, ‘ಇ ಹೋಬ್ ಅ’ ಮೂರೇ. ಬೀಟಿನ ಮೇಲೆ ಗಟ್ಟಿ ಪದ ಇಡೋಕೆ ಜಾಗ ಸಿಗುತ್ತೆ. ಭೂತಕಾಲದಲ್ಲಿ ಮಾತ್ರ ಉಲ್ಟಾ: ‘ಇಶ್ ಗಿಂಗ್’ (ಹೋದೆ) ಅನ್ನೋ ರೂಪವೇ ಬವೇರಿಯನ್‌ನಲ್ಲಿಲ್ಲ, ‘ಇ ಬಿನ್ ಗಂಗ’ ಅನ್ನಬೇಕು. ಎರಡಿದ್ದದ್ದು ನಾಲ್ಕಾಯ್ತು. ಕಥೆ ಹೇಳೋ ಹಾಡಾದರೆ ವರ್ತಮಾನಕಾಲದಲ್ಲೇ ಬರೆದರೆ ಲೇಸು.

ದಕ್ಷಿಣದಧ್ವನಿ:
ಯಾವ ಊರಿನ ಬವೇರಿಯನ್ ಅಂತ ಮೊದಲೇ ತೀರ್ಮಾನ ಮಾಡಿ. ಮ್ಯೂನಿಕ್ ಕಡೆ ‘ಗೂಟ್’ (ಒಳ್ಳೆಯ) ‘ಗುಅದ್’, ಉತ್ತರದ ಓಬರ್‌ಫಾಲ್ಟ್ಸ್ ಪ್ರದೇಶದಲ್ಲಿ ‘ಗೌಟ್’. ಒಂದೇ ಹಾಡಲ್ಲಿ ಎರಡೂ ಬಂದರೆ ಕೇಳುವವರು ನಗ್ತಾರೆ. ನ್ಯೂರೆಂಬರ್ಗ್ ಬವೇರಿಯಾ ರಾಜ್ಯದಲ್ಲೇ ಇದ್ದರೂ ಅಲ್ಲಿನದು ಫ್ರಾಂಕೋನಿಯನ್ ಅನ್ನೋ ಬೇರೆ ಆಡುಮಾತು, ಅದನ್ನು ಇದಕ್ಕೆ ಬೆರೆಸಬೇಡಿ.

ಎಲ್ಲಾ ಪದವನ್ನೂ ಆಡುಮಾತಿಗೆ ಎಳೀಬೇಕಿಲ್ಲ. ಇದೇ ಗ್ಯಾಂಗ್‌ನ 1980ರ ಆಲ್ಬಂ ಹೆಸರಲ್ಲೇ ‘ಶುಅ’ (ಬೂಟು) ಇದೆ. ಆದರೆ 1981ರ ‘ಸ್ಕಾಂಡಾಲ್ ಇಮ್ ಶ್ಪೆರ್‌ಬೆಟ್ಸಿರ್ಕ್’ ಹಾಡು ಬಹುಪಾಲು ಶಿಷ್ಟ ಜರ್ಮನ್. ಅದು ಉತ್ತರದವರ ಬಾಯಲ್ಲೂ ಸುಲಭವಾಗಿ ಕೂರುತ್ತೆ.

ಬಾಸ್‌ತಂತಿ:
ಹಾಗಾದರೆ ‘ಅಲೋಅ’ಗೆ ಏನು ಜೋಡಿಸಲಿ?

ಪದಮೂಲ:
‘ಕ್ಲೋಅ’ (ಚಿಕ್ಕ), ‘ಶ್ಟೋಅ’ (ಕಲ್ಲು). ಮೂರರಲ್ಲೂ ಕೊನೆಯ ‘ನ್’ ಬಿದ್ದುಹೋಗಿ ಸ್ವರ ಮೂಗಿನಲ್ಲಿ ಹೊರಡುತ್ತೆ. ‘ತ್ಸ್ವೋಅ’ದಲ್ಲಿ ಆ ಮೂಗುಸ್ವರ ಇಲ್ಲ, ಆದರೂ ಆಂಪ್ ಜೋರಾಗಿದ್ದರೆ ನಡೆಯುತ್ತೆ.