ನಮ್ ಬೀಗಲ್ ನಾಯಿ ಅನ್ನನಾಳದಲ್ಲಿ ಮಟನ್ ನಲ್ಲಿ ಮೂಳೆ ಸಿಕ್ಕೊಂಡಿದೆ, ಎಂಡೋಸ್ಕೋಪಿ ಮಾಡಿಸಿದವರು ಅನುಭವ ಹೇಳಿ

ತುಮಕೂರು ಬೀಗಲ್:
ನಮಸ್ಕಾರ ಎಲ್ರಿಗೂ. ಮಧ್ಯಾಹ್ನ ಮಟನ್ ಸಾರು ಮಾಡಿದ್ವಿ, ಎರಡು ವರ್ಷದ ಬೀಗಲ್ ಡಸ್ಟ್‌ಬಿನ್‌ನಿಂದ ಮೂಳೆ ಎತ್ಕೊಂಡು ನುಂಗ್ಬಿಟ್ಟಿದೆ. ಉಸಿರಾಟ ಸರಿ ಇದೆ, ಆದ್ರೆ ನೀರು ಕುಡಿದ ತಕ್ಷಣ ಹಾಗೇ ವಾಪಸ್ ಬರ್ತಿದೆ, ಜೊಲ್ಲು ನಿಲ್ತಿಲ್ಲ. ಎಕ್ಸ್‌ರೇ ನೋಡಿ ಎದೆ ಒಳಗೆ ಹಾರ್ಟ್ ಹತ್ರ ಕೂತಿದೆ ಅಂದ್ರು. ಬೆಂಗಳೂರಿಗೆ ಎಂಡೋಸ್ಕೋಪಿಗೆ (ಬಾಯಿಂದ ಕ್ಯಾಮೆರಾ ಪೈಪ್ ಬಿಟ್ಟು ನೋಡೋದು) ಬರ್ಕೊಟ್ಟಿದಾರೆ, 40 ಸಾವಿರ ಆಗ್ಬಹುದಂತೆ. ಬಾಯಿಂದಲೇ ತೆಗೀತಾರಾ ಇಲ್ಲ ಹೊಟ್ಟೆಗೆ ತಳ್ತಾರಾ? ತಳ್ಳಿದ್ರೆ ಆಮೇಲೆ ಆಪರೇಷನ್ ಬೇಕಾ? ಬಾಳೆಹಣ್ಣು ತಿನ್ನಿಸಿದ್ರೆ ಜಾರುತ್ತೆ ಅಂತ ನಮ್ಮತ್ತೆ ಹೇಳ್ತಿದಾರೆ. ಬೆಳಗ್ಗೆ ಹೊರಡೋದು, ಗೊತ್ತಿರೋರು ಬೇಗ ಹೇಳಿ.

ಪಗ್ ಅಮ್ಮ ಮೈಸೂರು:
40 ಸಾವಿರಕ್ಕೇ ಮುಗಿಯುತ್ತೆ ಅಂದ್ಕೋಬೇಡಿ. ನಮ್ ಪಗ್ ನುಂಗಿದ್ದು ರಾಹೈಡ್ ಚ್ಯೂ ತುಂಡು, ನಾಯಿಗೆ ಕಡಿಯೋಕೆ ಕೊಡೋದು, ಚರ್ಮದ್ದಲ್ವಾ, ಮೂಳೆ ಥರ ಎಕ್ಸ್‌ರೇನಲ್ಲಿ ಬೆಳ್ಳಗೆ ಎದ್ದು ಕಾಣಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ ಕೆನಲ್ ಕಾಫ್, ನಾಯಿಗಳ ಅಂಟು ಕೆಮ್ಮು ಅಂತ ಸಿರಪ್ಪು ಇಂಜೆಕ್ಷನ್ನು ಕೊಟ್ಟು 1,400 ಕಿತ್ಕೊಂಡ್ರು, ಸರ್ ಇದು ಕೆಮ್ಮಲ್ಲ ಓಕರಿಕೆ ಅಂತ ಬಾಯಿ ಬಡ್ಕೊಂಡೆ, ಕೇಳಬೇಕಲ್ಲ. ಬೇರೆ ಕಡೆ ಬೇರಿಯಂ ಅಂತ ಬೆಳ್ಳಗೆ ಕಾಣೋ ದ್ರವ ಕುಡಿಸಿ ಎಕ್ಸ್‌ರೇ ತೆಗೆದ ಮೇಲೇ ಗೊತ್ತಾಗಿದ್ದು. ಎಕ್ಸ್‌ರೇ ಒಂದಕ್ಕೆ 800, ಅಡ್ಡ ಒಂದು ಉದ್ದ ಒಂದು, ಬೇರಿಯಂ ಆದ್ಮೇಲೆ ಮತ್ತೆ ಅದೇ ಎರಡು. ಬ್ಲಡ್ ಟೆಸ್ಟ್ 2,200. ಎಂಡೋಸ್ಕೋಪಿ 26 ಸಾವಿರ, ಅನಸ್ತೇಷಿಯಾ ಅದರಲ್ಲೇ ಸೇರಿದೆ ಅಂದ್ಕೊಂಡಿದ್ರೆ ಅದು ಬೇರೆ 6,500, ಚಪ್ಪಟೆ ಮೂಗಿನ ನಾಯಿ ರಿಸ್ಕ್ ಜಾಸ್ತಿ ಅಂತ ಸಹಿ ಬೇರೆ ಹಾಕಿಸ್ಕೊಂಡ್ರು. ವಾರ್ಡ್ ದಿನಕ್ಕೆ 1,500.

ಅಸಲಿ ಕಥೆ ಆಮೇಲೆ. ಗಾಯ ಮಾಗ್ತಾ ಮಾಗ್ತಾ ಅನ್ನನಾಳ ಬಿಗಿದುಕೊಳ್ತು, ಸ್ಟ್ರಿಕ್ಚರ್ ಅಂತಾರೆ, ತಿಂದಿದ್ದೆಲ್ಲ ಮತ್ತೆ ವಾಪಸ್. ಬಲೂನ್ ಬಿಟ್ಟು ಹಿಗ್ಗಿಸಬೇಕು, ಪ್ರತಿ ಸಲ 18 ಸಾವಿರ, ಪ್ರತಿ ಸಲ ಹೊಸ ಅನಸ್ತೇಷಿಯಾ. ಸುಕ್ರಾಲ್‌ಫೇಟ್ (ಗಾಯದ ಮೇಲೆ ಲೇಪ ಆಗೋ ಔಷಧಿ) ಖಾಲಿ ಹೊಟ್ಟೇಲಿ, ಊಟ ಎಲ್ಲ ಮಿಕ್ಸಿಗೆ ಹಾಕಿ ಗಂಜಿ, ಮುಂಗಾಲು ಸ್ಟೂಲ್ ಮೇಲೆ ಇಡಿಸಿ ನಿಲ್ಲಿಸಿ ತಿನ್ನಿಸಿದ್ದೀನಿ. ಬಳೆ ಮಾರಿದೆ, ಹೌದು. ನನ್ ಮಗ ಈಗ ಸೋಫಾ ಮೇಲೆ ಗೊರಕೆ ಹೊಡೀತಿದಾನೆ, ಬಳೆ ಗೊರಕೆ ಹೊಡಿಯಲ್ಲ.

ಉಡುಪಿ ಮಾಣಿ:
ಎಂತ ಮಾರಾಯ್ರೆ, ನಾಯಿಗೆ ಬಳೆ ಮಾರುದಾ? ನಮ್ಮದು ಊರ ನಾಯಿ. ಬಂಗುಡೆ ತುಂಡು ಸಿಕ್ಕಿಸಿಟ್ಟ ಗಾಳವನ್ನೇ ನುಂಗಿತ್ತು, ತಂಗೂಸು ಬಾಯಿಂದ ನೇತಾಡ್ತಾ ಉಂಟು. ಪಕ್ಕದ ಮನೆಯವರು ಎಳೀಲಿಕ್ಕೆ ಬಂದ್ರು, ನಾನು ಮುಟ್ಲಿಕ್ಕೆ ಬಿಡ್ಲಿಲ್ಲ. ಎಳೆದ್ರೆ ಗಾಳದ ಮುಳ್ಳು ಇನ್ನೂ ಒಳಗೆ ನಾಟ್ತದೆ. ಹಾಗಂತ ಗಿಡ್ಡ ಕತ್ತರಿಸಿದ್ರೆ ಡಾಕ್ಟ್ರಿಗೆ ಹಿಡೀಲಿಕ್ಕೆ ಎಂತ ಉಳೀತದೆ? ಪುಣ್ಯಕ್ಕೆ ಗಂಟಲ ಬಾಗಿಲಲ್ಲೇ ಇತ್ತು. ಪ್ರಜ್ಞೆ ತಪ್ಪಿಸಿ, ಚುಚ್ಚಿಕೊಂಡ ತುದಿಯನ್ನು ಆಚೆ ಬದಿಗೆ ದಾಟಿಸಿ, ಮುಳ್ಳು ಕತ್ತರಿಸಿ, ಬಂದ ದಾರೀಲೇ ವಾಪಸ್ ತೆಗೆದ್ರು. 1,800 ರೂಪಾಯಿ, ರಿಕ್ಷಾ 350. ಎಂಡೋಸ್ಕೋಪಿ ಗಿಂಡೋಸ್ಕೋಪಿ ಎಲ್ಲ ಬೆಂಗಳೂರಿನವರ ದಂಧೆ. ಬಾಳೆಹಣ್ಣು ಕೊಡಿ, ಎಂತ ಆಗುದಿಲ್ಲ, ನಮ್ಮ ಅಜ್ಜಿ ಕೊಡ್ತಿದ್ರು.

ಪಗ್ ಅಮ್ಮ ಮೈಸೂರು:
ನಿಮ್ಮಜ್ಜಿ ಕೊಡ್ತಿದ್ದಿದ್ದು ಮನುಷ್ಯರಿಗೆ, ಮೀನಿನ ಮುಳ್ಳಿಗೆ. ಇಲ್ಲಿ ಹಣ್ಣು ಹೋಗಿ ಮೂಳೆ ಮೇಲೆ ಕೂರುತ್ತೆ, ವಾಪಸ್ ಬರೋವಾಗ ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ, ಅದರ ಬಿಲ್ಲು ನೀವು ಕಟ್ತೀರಾ? ಗಂಟಲ ಬಾಗಿಲಲ್ಲಿ ಇದ್ದಿದ್ದಕ್ಕೂ ಎದೆ ಒಳಗೆ ಇರೋದಕ್ಕೂ ವ್ಯತ್ಯಾಸ ಗೊತ್ತಿಲ್ದೆ ದಂಧೆ ಗಿಂಧೆ ಅಂತೆಲ್ಲ ಮಾತಾಡ್ಬೇಡಿ.

ಮುಧೋಳ ಮಂದಿ:
ಅಕ್ಕಾರ, ಬಿಲ್ಲಿನ ಪುರಾಣ ಸಾಕ್ರಿ. ನಮ್ದು ಮುಧೋಳ ನಾಯಿ. ಹೊಲದಾಗ ಗೋವಿನಜೋಳದ ತೆನಿ ಕಡದು ನುಂಗಾಕ ಹೋಗಿ ಗಂಟಲದಾಗ ಅಡ್ಡ ಸಿಗ್ತು, ನಾಲಿಗಿ ನೀಲಿ ಆತು, ಉಸರ ನಿಂತ್ಹಂಗ ಆತು. ದವಾಖಾನಿ 30 ಕಿಲೋಮೀಟರ್, ಯಾವ ಎಂಡೋಸ್ಕೋಪಿ ಮಾಡಸ್ತೀರಿ ಅಲ್ಲಿ? ನಮ್ಮಣ್ಣ ಬಾಯಿ ಅಗಲ ಮಾಡಿ ಹಿಡದ, ನಾ ಕೈ ಹಾಕಿ ಜಗ್ಗಿ ತಗದೆ. ಬೆರಳಿಗೆ ಹಲ್ಲು ನಟ್ಟು ರಕ್ತ ಬಂತು, ಅರಿಶಿಣ ಹಚ್ಚಿದೆ, ಮುಗೀತು. ಖರ್ಚು ಸೊನ್ನಿ. ಮರುದಿನಾನ ಮೊಲದ ಹಿಂದ ಓಡೇತಿ ನಮ್ ಹುಲಿ.

ಸಾಗರದವ:
ಅರಿಶಿಣ ಹಚ್ಚಿದೆ ಮುಗೀತು ಅಂತ ಬರಿಯೋರಿಗೆ ದೂರದಿಂದಲೇ ಕೈ ಮುಗೀಬೇಕು. ನಮ್ಮ ಮಾವನ ಮನೆ ನಾಯಿ ಬಾಯಿ ಮುಚ್ಚಕ್ಕೇ ಆಗ್ದೆ ಜೊಲ್ಲು ಸುರಿಸ್ತಿತ್ತು, ನುಂಗಕ್ಕೆ ಬರ್ತಿರ್ಲಿಲ್ಲ, ಬೊಗಳೋ ಸ್ವರನೇ ಬದಲಾಗಿತ್ತು. ಎಲ್ರೂ ಮೂಳೆ ಸಿಕ್ಕೊಂಡಿದೆ ಅಂದ್ರು. ಮಾವ ಟಾರ್ಚ್ ಬಿಟ್ಟು, ಕೈ ಹಾಕಿ ಹುಡುಕಿದ್ರು. ಮೂಳೆ ಇದ್ರೆ ತಾನೇ ಸಿಗೋದು? ರೇಬಿಸ್. ನಾಯಿ ಸತ್ತ ಮೇಲೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ರೇಬಿಸ್ ಲ್ಯಾಬಿಗೆ ಕಳಿಸಿದ್ವಿ, ಪಾಸಿಟಿವ್. ಹುಚ್ಚು ನಾಯಿ ಅಂದ್ರೆ ಕಚ್ಚಕ್ಕೆ ಅಟ್ಟಿಸ್ಕೊಂಡು ಬರುತ್ತೆ ಅಂದ್ಕೊಂಡಿರ್ತಾರೆ ಜನ, ಹಿಂಗೆ ದವಡೆ ಜೋತು ಬಿದ್ದು ಸುಮ್ನೆ ಮೂಲೇಲಿ ಕೂರೋದೂ ಉಂಟು. ಮಾವನ ಬೆರಳಲ್ಲಿ ಅಡಿಕೆ ಸುಲಿಯೋ ಕತ್ತಿ ಗಾಯ ಬೇರೆ ಇತ್ತು. 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳಿಬೇಕು ಅಂತ ಡಾಕ್ಟ್ರು ಬೈದ್ರು. ಆಮೇಲೆ 0, 3, 7, 28ನೇ ದಿನ ಇಂಜೆಕ್ಷನ್, ಜೊಲ್ಲು ತಾಗಿದ ಮನೆಯವರಿಗೆಲ್ಲ. ಮಾವನ ಗಾಯಕ್ಕೆ ಕೊಡೋ ಇಮ್ಯುನೋಗ್ಲಾಬ್ಯುಲಿನ್, ಅಂದ್ರೆ ರೆಡಿ ಪ್ರತಿಕಾಯದ ಇಂಜೆಕ್ಷನ್, ಸ್ಟಾಕ್ ಇಲ್ಲ ಅಂದ್ರು, ಹೊರಗಿಂದ ತಂದಿದ್ದಕ್ಕೆ 22 ಸಾವಿರ, ಬಾಡಿಗೆ ಜೀಪು ಬೇರೆ.

ಮುಧೋಳ ಮಂದಿ:
ನಮ್ ನಾಯಿಗೆ ಹುಚ್ಚು ಅಂತೀರೇನ್ರಿ? ವರ್ಷಾ ಲಸಿಕಿ ಹಾಕಸ್ತೀವಿ, ಕಾರ್ಡ ಐತಿ. ಬಾಯಾಗಿಂದ ತೆನಿ ತಗದೇನಿ ಅಂತ ಬರದೇನಿ, ಓದಾಕ ಬರೂದಿಲ್ಲೇನು?

ಸಾಗರದವ:
ನಿಮ್ಮ ನಾಯಿಗೆ ಅಂದಿಲ್ಲ ಮಾರಾಯ್ರೇ. ಕೈ ಹಾಕಿ ತೆಗೀರಿ ಅಂತ ನೀವು ಬರೆದಿದ್ದನ್ನ ನೂರು ಜನ ಓದ್ತಾರೆ, ಅವರ ನಾಯಿಗೆಲ್ಲ ಕಾರ್ಡ್ ಇರುತ್ತಾ?

ಮೊಸರನ್ನ:
ಅದಕ್ಕೇ ನಾಯಿಗೆ ಮಾಂಸ ಮೂಳೆ ಅಭ್ಯಾಸ ಮಾಡಿಸಬಾರದು. ನಮ್ಮನೇಲಿ ಮೊದಲಿಂದ ಮೊಸರನ್ನ, ಚಪಾತಿ. ಒಂದು ದಿನ ಡಾಕ್ಟ್ರ ಮುಖ ನೋಡಿಲ್ಲ.

ಚನ್ನಪಟ್ಟಣ ಲ್ಯಾಬ್:
ಬಂದ್ರಪ್ಪ ಮೊಸರನ್ನದೋರು. ನಮ್ದೂ ಅಪ್ಪಟ ಸಸ್ಯಾಹಾರಿ ಮನೇನೇ ಸ್ವಾಮಿ, ಬಾದಾಮಿ ಮಾವಿನ ಓಟೆ ನುಂಗ್ತು ನಮ್ ಲ್ಯಾಬ್ರಡಾರ್. ಗಂಟಲೇನೋ ಸಲೀಸಾಗಿ ದಾಟ್ತು, ಹೋಗಿ ಕರುಳಲ್ಲಿ ಸಿಕ್ಕೊಂಡು, ಕರುಳು ಕಪ್ಪಾಗಿ, ಅಷ್ಟುದ್ದ ಕತ್ತರಿಸಿ ಜೋಡಿಸಿದ್ರು, 35 ಸಾವಿರ ಪ್ಲಸ್ ಡ್ರಿಪ್ಸು. ಮಾವಿನ ಸೀಸನ್ನಲ್ಲಿ ನಿಮ್ಮ ಮೊಸರನ್ನದ ನಾಯೀನೂ ನೋಡ್ಕೊಳ್ಳಿ.

ಮೊಸರನ್ನ:
ಓಟೆ ಸಿಗೋ ಹಾಗೆ ಬಿಸಾಕಿದ್ದು ಯಾರು?

ಚನ್ನಪಟ್ಟಣ ಲ್ಯಾಬ್:
ಎದುರು ಮನೆಯವರು. ವಿಳಾಸ ಕೊಡ್ಲಾ, ಹೋಗಿ ಪಾಠ ಮಾಡ್ತೀರಾ?

ತುಮಕೂರು ಬೀಗಲ್:
ಬಾಳೆಹಣ್ಣು ಕೊಟ್ಟಿಲ್ಲ, ರೇಬಿಸ್ ಲಸಿಕೆ ಆಗಿದೆ. ತೆಗೀತಾರಾ ತಳ್ತಾರಾ ಅಂತ ಯಾರಾದ್ರೂ ಹೇಳಿ ಪ್ಲೀಸ್.

ಚನ್ನಪಟ್ಟಣ ಲ್ಯಾಬ್:
ಮೊದಲು ಬಾಯಿಂದ ತೆಗೆಯೋಕೇ ನೋಡ್ತಾರೆ ಅಣ್ಣ, ಬರ್ಲಿಲ್ಲ ಅಂದ್ರೆ ಮೆಲ್ಲಗೆ ಹೊಟ್ಟೆಗೆ ತಳ್ತಾರೆ. ಮೂಳೆ ಹೊಟ್ಟೆ ಆಸಿಡ್‌ಗೆ ಕರಗುತ್ತೆ, ಸಾಮಾನ್ಯವಾಗಿ ಆಪರೇಷನ್ ಬೇಕಾಗಲ್ಲ, ಓಟೆ ಕರಗಲ್ಲ, ಅದು ನಮ್ ಕರ್ಮ. ಎರಡೂ ಆಗ್ಲಿಲ್ಲ ಅಂದ್ರೆ, ಇಲ್ಲ ಅನ್ನನಾಳ ತೂತಾಗಿದ್ರೆ ಎದೆ ತೆರೀಬೇಕಾಗಬಹುದು. ಹೊತ್ತಾದಷ್ಟೂ ಮೂಳೆ ಒತ್ತಿ ಒತ್ತಿ ತೂತಾಗೋದು ಜಾಸ್ತಿ, ಬೆಳಗ್ಗೆ ತನಕ ಯಾಕೆ ಕಾಯ್ತೀರಾ, ರಾತ್ರಿ ಓಪನ್ ಇರೋ ಆಸ್ಪತ್ರೆಗೆ ಫೋನ್ ಮಾಡ್ಕೊಂಡು ಈಗಲೇ ಹೊರಡಿ. ಏನೂ ತಿನ್ನಿಸ್ಬೇಡಿ, ಎಕ್ಸ್‌ರೇ ಜೊತೇಲಿರ್ಲಿ.

ಪಗ್ ಅಮ್ಮ ಮೈಸೂರು:
ಅನಸ್ತೇಷಿಯಾ ಸೇರಿ ಎಷ್ಟು ಅಂತ ಬರೆಸ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಉಡುಪಿ ಮಾಣಿ:
ಪುನಃ ಬಿಲ್ಲು ಶುರು ಆಯ್ತು ಇವರದ್ದು.

ತುಮಕೂರು ಬೀಗಲ್:
ಕಾರು ತೆಗೀತಿದೀವಿ. ಥ್ಯಾಂಕ್ಸ್.

ಮುಧೋಳ ಮಂದಿ:
ಸಾಗರದವರ, ಲಸಿಕಿ ಕಾರ್ಡಿನ ಫೋಟೋ ಹಾಕೇನಿ, ಕಣ್ಣು ತೆರದು ನೋಡ್ರಿ.

ಸಾಗರದವ:
ನೋಡಿದೆ, ಅದು ನಾಯಿದು. ನಿಮ್ಮ ಬೆರಳಿಗೆ ಇಂಜೆಕ್ಷನ್ ಆಯ್ತಾ?

ಮುಧೋಳ ಮಂದಿ:
ಅದು ನಿಮಗ್ಯಾಕ್ರಿ.