ಅಪ್‌ಡೇಟ್: ಎಫ್‌ಐಆರ್ ಇಲ್ಲದೆ ಕ್ಲೇಮ್ ಆಯ್ತು
ತುಮಕೂರಿನ ಬಟವಾಡಿ ಹತ್ತಿರ ಗೂಡ್ಸ್ ಆಟೋ ಹಿಂದಿನಿಂದ ನನ್ನ ಕಾರಿಗೆ ಗುದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಪೊಲೀಸ್ ಕಂಪ್ಲೇಂಟ್ ಇಲ್ಲದೆ ಇನ್ಶೂರೆನ್ಸ್ ಸಿಗುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸಿಕ್ಕಿತು. ಆರ್‌ಸಿ, ಡಿಎಲ್, ಪಾಲಿಸಿ, ಫೋಟೋ ಸಾಕಾಯ್ತು.

ಸರ್ವೇಯರ್ (ಇನ್ಶೂರೆನ್ಸ್ ಪರವಾಗಿ ಹಾನಿ ನೋಡಿ ಅಂದಾಜು ಮಾಡುವವರು) ನೋಡುವವರೆಗೆ ರಿಪೇರಿಗೆ ಕೈ ಹಾಕಬೇಡಿ ಅಂದವರಿಗೆ ಥ್ಯಾಂಕ್ಸ್. ಸರ್ವೇಯರ್ ಬಂದು ಬಗ್ಗಿ, ಬಂಪರ್ ಮೇಲೆ ಬೆರಳಾಡಿಸಿ, ಹಳೇ ಗೀರು ಯಾವುದು ಹೊಸದು ಯಾವುದು ಅಂತ ಬೇರೆ ಮಾಡಿದರು. ಹಳೇದಕ್ಕೆ ಸೊನ್ನೆ!

ಪೂರ್ತಿ ದುಡ್ಡು ಬರಲಿಲ್ಲ. ಝೀರೋ ಡೆಪ್ (ಭಾಗಗಳ ಸವಕಳಿ ಅಂತ ದುಡ್ಡು ಕಡಿಯದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಕಡಿತ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ರೂಪಾಯಿ ನಮ್ಮ ಕೈಯಿಂದ. ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತೆ. ನನ್ನದು ಡಿಕ್ಕಿ ಬಾಗಿಲೂ ನೆಗ್ಗಿತ್ತು, ಹಾಗಾಗಿ ಕ್ಲೇಮ್ ಮಾಡಿದ್ದು ಲಾಭವೇ. ಬರೀ ಗೀರಾಗಿದ್ದರೆ ಸುಮ್ನೆ ಗ್ಯಾರೇಜಿಗೆ ಬಿಡುತ್ತಿದ್ದೆ.